ರೇಡಿಯೋ ಹಾಡುತ್ತದೆ, ಮುಖ ಮಾತ್ರ ಕತ್ತಲು

ಕಾರಿನ ಸಣ್ಣಪುಟ್ಟ ರಿಪೇರಿ ಬಗ್ಗೆ ಬರುವ ಪತ್ರಗಳಲ್ಲಿ ಈ ಸಲ ಒಂದೇ ದೂರು ಬೇರೆ ಬೇರೆ ಕೈಬರಹದಲ್ಲಿ ಬಂದಿದೆ. ಡ್ಯಾಶ್‌ಬೋರ್ಡಿನ ರೇಡಿಯೋ ಸರಿಯಾಗಿದೆ, ಅದರ ದೀಪ ಹೋಗಿದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಹೆಸರು ಊರು ಹಾಕಿಲ್ಲ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ಅಪ್ಪ ಓಡಿಸುತ್ತಿದ್ದ ಹಳೆ ಕಾರು ಈಗ ನನ್ನ ಕೈಗೆ ಬಂದಿದೆ. ಕ್ಯಾಸೆಟ್ ಹಾಕುವ ರೇಡಿಯೋ ಇನ್ನೂ ಚೆನ್ನಾಗಿ ಹಾಡುತ್ತದೆ. ಆದರೆ ರಾತ್ರಿ ಎಡಗಡೆಯ ಬಟನ್‌ಗಳು ಕಾಣುವುದೇ ಇಲ್ಲ, ಬಲಗಡೆ ಮಾತ್ರ ಹಸಿರು ಬೆಳಕು. ವಾಲ್ಯೂಮ್ ಜಾಸ್ತಿ ಮಾಡಲು ಹೋದರೆ ಸ್ಟೇಷನ್ ಬದಲಾಗುತ್ತದೆ. ತೋರಿಸಿದ ಕಡೆ "ಸೆಟ್ಟೇ ಬದಲಾಯಿಸಿ" ಅಂದರು. ಬರೀ ಬಲ್ಬು ಹಾಕಲು ಆಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ಸೆಟ್ಟೇ ಬದಲಾಯಿಸಿ ಅನ್ನುವವರ ಮೇಲೆ ನನಗೆ ಕೋಪವಿಲ್ಲ. ಗೋಧಿ ಕಾಳಿನಷ್ಟು ದೊಡ್ಡ ಬಲ್ಬೊಂದನ್ನು ಬದಲಾಯಿಸಲು ಒಂದೂವರೆ ಗಂಟೆ ಕೂತು ಕೆಲಸ ಮಾಡಬೇಕು, ಅವರಿಗೆ ಅದು ಗಿಟ್ಟುವುದಿಲ್ಲ. ನಿಮಗೆ ಒಂದು ಮಧ್ಯಾಹ್ನ ಬಿಡುವಿದ್ದರೆ ಗಿಟ್ಟುತ್ತದೆ.

ನಿಮ್ಮ ವಿಷಯದಲ್ಲಿ ಒಂದು ಒಳ್ಳೆಯ ಸುಳಿವು ಇದೆ: ಅರ್ಧ ಭಾಗ ಹೊತ್ತಿದೆ, ಅರ್ಧ ಹೊತ್ತಿಲ್ಲ. ಅಂದರೆ ದೀಪಕ್ಕೆ ಬೇಕಾದ ಕರೆಂಟು ರೇಡಿಯೋದ ಒಳಗೆ ಬರುತ್ತಿದೆ. ಎಡಗಡೆಯ ಬಲ್ಬು ಸುಟ್ಟಿದೆ ಅಥವಾ ಅದರ ಬೆಸುಗೆ ಬಿಟ್ಟಿದೆ. ಎರಡಕ್ಕೂ ಸೆಟ್ ಬಿಚ್ಚಲೇಬೇಕು.

ಆದರೆ ಪೂರ್ತಿ ಕತ್ತಲಾಗಿರುವವರು ಇಲ್ಲೇ ಸ್ವಲ್ಪ ನಿಲ್ಲಿ. ನಿಮ್ಮ ತೊಂದರೆ ಬಲ್ಬಿನದ್ದೇ ಆಗಿರಬೇಕೆಂದಿಲ್ಲ. ಬಹಳಷ್ಟು ಕಾರುಗಳಲ್ಲಿ ರೇಡಿಯೋದ ಬಟನ್ ದೀಪಗಳಿಗೆ ಬೇರೆಯೇ ಒಂದು ವೈರ್ ಇರುತ್ತದೆ. ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ ಅದರಲ್ಲಿ ಕರೆಂಟು ಹರಿಯುತ್ತದೆ. ಐಎಸ್‌ಒ ಎಂಬ ಒಂದೇ ಮಾದರಿಯ ಹಿಂಬದಿ ಕನೆಕ್ಟರ್ ಇರುವ ಸೆಟ್ಟಾದರೆ ಸಾಮಾನ್ಯವಾಗಿ ಅದು ಎ6 ಪಿನ್. ಆಮೇಲೆ ಹಾಕಿಸಿದ ಸೆಟ್ಟಾದರೆ ಹೆಚ್ಚಾಗಿ ಕಿತ್ತಳೆ ಬಣ್ಣದ ವೈರ್. ಹಳದಿ ಸ್ಟೇಷನ್ ನೆನಪು ಉಳಿಸಲು ಸದಾ ಇರುವ ಕರೆಂಟಿಗೆ, ಕೆಂಪು ಕೀಲಿ ತಿರುಗಿಸಿದಾಗ ಬರುವ ಕರೆಂಟಿಗೆ, ಕಪ್ಪು ಅರ್ಥಿಂಗಿಗೆ. ಈ ಮೂರು ಜೋಡಿಸಿದರೆ ಹಾಡು ಬರುತ್ತದಲ್ಲ, ಹಾಗಾಗಿ ಸೆಟ್ ಹಾಕಿದವರು ಕಿತ್ತಳೆಯನ್ನು ಸುಮ್ನೆ ಟೇಪು ಸುತ್ತಿ ಬಿಟ್ಟಿರುವುದೂ ಉಂಟು. ಅಂಥ ರೇಡಿಯೋಗೆ ನೀವು ಎಷ್ಟು ಹೊಸ ಬಲ್ಬು ಹಾಕಿದರೂ ಅಷ್ಟೇ.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಇಷ್ಟು ನೋಡಿ. ಪಾರ್ಕಿಂಗ್ ಲೈಟ್ ಹಾಕಿ. ಮೀಟರ್ ಬೋರ್ಡಿನ ಬೆಳಕು ಕಡಿಮೆ ಜಾಸ್ತಿ ಮಾಡುವ ಚಕ್ರ ಇದ್ದರೆ ಅದನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಕಾರು ಒರೆಸುವಾಗ ಬಟ್ಟೆ ತಾಗಿ ಅದು ಕೆಳಗೆ ಹೋಗಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಎಸಿ ಗುಂಡಿಗಳ ದೀಪ, ಮೀಟರಿನ ದೀಪ ಕೂಡ ಹೋಗಿದ್ದರೆ ಫ್ಯೂಸ್ ನೋಡಿ, ಹಿಂದಿನ ಟೇಲ್ ಲೈಟ್ ಫ್ಯೂಸಿನಿಂದಲೇ ಇವಕ್ಕೂ ಕರೆಂಟು ಕೊಟ್ಟಿರುವ ಕಾರುಗಳಿವೆ. ನಾನು ಒಮ್ಮೆ ಇದನ್ನೆಲ್ಲ ನೋಡದೆ ಸೆಟ್ ಪೂರ್ತಿ ಬಿಚ್ಚಿ, ನಾಲ್ಕೂ ಬಲ್ಬು ಪರೀಕ್ಷಿಸಿ, ಎಲ್ಲವೂ ಸರಿ ಇರುವುದನ್ನು ಕಂಡು, ಕೊನೆಗೆ ಫ್ಯೂಸ್ ಬಾಕ್ಸ್ ತೆರೆದೆ. ಬೆಟ್ಟ ಅಗೆದು ಇಲಿ ಹಿಡಿದ ಕೆಲಸ ಅಂದರೆ ಇದೇ.

ಪ್ರಶ್ನೆ: ರೇಡಿಯೋ ಹೊರಗೆ ತೆಗೆಯುವುದು ಹೇಗೆ? ಮುಂದೆ ಒಂದು ಸ್ಕ್ರೂ ಕೂಡ ಕಾಣುತ್ತಿಲ್ಲ. ಎಳೆದರೆ ಅಲುಗಾಡುವುದೂ ಇಲ್ಲ.

ಉತ್ತರ: ಎಳೆಯಬೇಡಿ! ಮೊದಲು ಒಂದು ಮಾತು. ನಿಮ್ಮ ರೇಡಿಯೋಗೆ ಕಳ್ಳರ ಕಾಟ ತಪ್ಪಿಸುವ ಕೋಡ್ ಇದೆಯೇ ಎಂದು ತಿಳಿದುಕೊಳ್ಳಿ. ಇದ್ದರೆ, ಬ್ಯಾಟರಿ ತೆಗೆದು ಮತ್ತೆ ಹಾಕಿದ ಮೇಲೆ ಅದು ಕೋಡ್ ಕೇಳುತ್ತದೆ. ಕಾರಿನ ಪುಸ್ತಕದ ಜೊತೆ ಬಂದ ಸಣ್ಣ ಕಾರ್ಡಿನಲ್ಲಿ ಆ ನಂಬರ್ ಇರುತ್ತದೆ. ಅದು ಕೈಗೆ ಸಿಗುವ ತನಕ ಬ್ಯಾಟರಿ ಮುಟ್ಟಬೇಡಿ.

ಕೋಡ್ ಸಿಕ್ಕಿತು ಅಂದುಕೊಳ್ಳೋಣ. ಕೀಲಿ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಯಾವಾಗಲೂ ಮೈನಸ್ಸೇ ಮೊದಲು, ಯಾಕೆಂದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ವೈರ್ ಬಿಚ್ಚಿದ ಮೇಲೆ ಕೆಲವು ನಿಮಿಷ ಕಾದು ಕೆಲಸ ಶುರು ಮಾಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳ ತಂಟೆಗಂತೂ ಹೋಗಲೇಬೇಡಿ.

ಇನ್ನು ಸೆಟ್ ತೆಗೆಯುವುದು. ಹಳೆಯ ಒಂದಂತಸ್ತಿನ ಸೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಜರ್ಮನಿಯ ಡಿನ್ ಅಳತೆ ಅಂತ ಶುರುವಾದದ್ದು ಆಮೇಲೆ ಎಲ್ಲ ಕಡೆ ನಡೆಯಿತು. ಎರಡಂತಸ್ತಿನದ್ದು 100 ಮಿ.ಮೀ. ಎತ್ತರ. ಸೆಟ್ಟಿನ ಎರಡು ಬದಿಯಲ್ಲಿ ಎರಡೆರಡು ಸಣ್ಣ ತೂತು ಕಂಡರೆ ಅದಕ್ಕೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿದ ಎರಡು ತಂತಿ ಕೀಲಿ ಬೇಕು. ಅವನ್ನು ಕ್ಲಿಕ್ ಅನ್ನುವ ತನಕ ಒಳಗೆ ತಳ್ಳಿ, ಸ್ವಲ್ಪ ಹೊರಮುಖವಾಗಿ ಒತ್ತಿಕೊಂಡು, ಎರಡನ್ನೂ ಒಟ್ಟಿಗೆ ಎಳೆದರೆ ಸೆಟ್ ಜಾರಿಕೊಂಡು ಬರುತ್ತದೆ. ತೂತು ಇಲ್ಲದಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಕ್ಲಿಪ್ಪಿನ ಮೇಲೆ ಕೂತಿರುತ್ತದೆ, ಅದರ ಹಿಂದೆ ಸ್ಕ್ರೂ ಅಡಗಿರುತ್ತವೆ. ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದಲೇ ಎಬ್ಬಿಸಿ. ಸ್ಕ್ರೂಡ್ರೈವರ್ ತುದಿ ಹಾಕಿದರೆ ಗೀರು ಬಿದ್ದು ಅದು ಜೀವಮಾನವಿಡೀ ನಿಮ್ಮನ್ನೇ ನೋಡುತ್ತಿರುತ್ತದೆ. ಚಳಿಯಲ್ಲಿ ಹಳೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಕಾರು ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆ ಈ ಕೆಲಸ ಮಾಡುವುದು ಲೇಸು.

ಹಿಂದಿನ ಕನೆಕ್ಟರ್, ಏರಿಯಲ್ ವೈರ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಆಮೇಲೆ ಸೆಟ್ಟನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಡಿ. ಬಿಳಿ ಬಟ್ಟೆ ಏಕೆಂದರೆ ಒಳಗಿನಿಂದ ಒಂದು ಸ್ಪ್ರಿಂಗ್ ಖಂಡಿತ ಹಾರುತ್ತದೆ. ವಾಲ್ಯೂಮ್ ನಾಬ್ ನೇರವಾಗಿ ಮುಂದಕ್ಕೆ ಎಳೆದರೆ ಬರುತ್ತದೆ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಎಳೆಯಿರಿ, ಇಕ್ಕಳ ಬೇಡ. ಮುಂದಿನ ಮುಖವನ್ನು ಮೇಲೆ ಕೆಳಗೆ ಪಕ್ಕದಲ್ಲಿ ಕ್ಲಿಪ್‌ಗಳು ಹಿಡಿದಿರುತ್ತವೆ, ಜೊತೆಗೆ ಒಂದೆರಡು ಸ್ಕ್ರೂ. ಕ್ಲಿಪ್ ಬಿಟ್ಟ ತಕ್ಷಣ ಖುಷಿಯಲ್ಲಿ ಮುಖ ಕಿತ್ತುಬಿಡಬೇಡಿ. ಹಿಂದೆ ಕಾಗದದಷ್ಟು ತೆಳ್ಳಗಿನ ರಿಬ್ಬನ್ ಕೇಬಲ್ ಇರಬಹುದು. ಅದು ಹರಿದರೆ ಬಲ್ಬಿನ ಚಿಂತೆಯೇ ಇರುವುದಿಲ್ಲ, ಯಾಕೆಂದರೆ ರೇಡಿಯೋನೇ ಇರುವುದಿಲ್ಲ.

ಪ್ರಶ್ನೆ: ನಾನು ಬಿಚ್ಚಿ ನೋಡಿದ್ದೇನೆ. ಒಳಗೆ ಎರಡು ತಂತಿ ಕಾಲಿನ ಸಣ್ಣ ಬಲ್ಬುಗಳಿವೆ, ಮೇಲೆ ಹಸಿರು ರಬ್ಬರ್ ಟೋಪಿ. ಬಲ್ಬಿನ ಮೇಲೆ ಏನೂ ಬರೆದಿಲ್ಲ. ಯಾವುದನ್ನು ತರುವುದು?

ಉತ್ತರ: ಆ ಹಸಿರು ಟೋಪಿ ಜೋಪಾನ. ಬಲ್ಬಿಗಿಂತ ಅದೇ ಮುಖ್ಯ, ನಿಮ್ಮ ರೇಡಿಯೋದ ಬಣ್ಣ ಇರುವುದು ಅದರಲ್ಲೇ. ಬಲ್ಬು ಬರೀ ಹಳದಿ ಬೆಳಕು ಕೊಡುತ್ತದೆ, ಟೋಪಿ ಅದನ್ನು ಹಸಿರು ಮಾಡುತ್ತದೆ. ಹಳೆಯದಾಗಿ ಗಟ್ಟಿಯಾಗಿದ್ದರೆ ಉಗುರಿನಿಂದ ಮೆಲ್ಲಗೆ ಸುತ್ತಲೂ ಬಿಡಿಸಿ, ಎಳೆದರೆ ಸೀಳುತ್ತದೆ.

ಮೊದಲು ಸುಟ್ಟಿದ್ದು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಗಾಜಿನ ಒಳಗೆ ಕಪ್ಪು ಅಥವಾ ಬೆಳ್ಳಿ ಬಣ್ಣದ ಮಸಿ ಕಂಡರೆ ಅದರ ಕಾಲ ಮುಗಿದಿದೆ, ಅಥವಾ ಮುಗಿಯುತ್ತಾ ಬಂದಿದೆ. ಆ ಮಸಿ ಫಿಲಮೆಂಟಿನ, ಅಂದರೆ ಒಳಗೆ ಉರಿಯುವ ತೆಳು ತಂತಿಯ, ಟಂಗ್‌ಸ್ಟನ್. ಕಾದು ಕಾದು ಆವಿಯಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಮಲ್ಟಿಮೀಟರ್ ಇದ್ದರೆ ಓಮ್‌ಗೆ ಇಟ್ಟು ಎರಡು ಕಾಲಿಗೂ ಹಿಡಿಯಿರಿ. ಮುಳ್ಳು ಅಥವಾ ಅಂಕಿ ಕದಲದಿದ್ದರೆ ಫಿಲಮೆಂಟ್ ತುಂಡಾಗಿದೆ. ಸರಿ ಇರುವ ಬಲ್ಬು ತಣ್ಣಗಿದ್ದಾಗ ತುಂಬಾ ಕಡಿಮೆ ಓಮ್ ತೋರಿಸುತ್ತದೆ, ಹೊತ್ತಿದಾಗಿನ ಸುಮಾರು ಹತ್ತನೇ ಒಂದು ಭಾಗ. ಇದನ್ನು ನೋಡಿ ಶಾರ್ಟ್ ಆಗಿದೆ ಅಂದುಕೊಂಡು ಒಳ್ಳೆ ಬಲ್ಬನ್ನು ಎಸೆದವರಿದ್ದಾರೆ. ಈ ಬಲ್ಬಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಿಡಿದರೂ ಒಂದೇ.

ಅಳತೆಗೆ ಗಾಜಿನ ದಪ್ಪ ನೋಡಿ. 3 ಮಿ.ಮೀ., 4 ಮಿ.ಮೀ., 5 ಮಿ.ಮೀ., ಹೀಗೆ ಬರುತ್ತವೆ. ಟೋಪಿ ಹೊಸ ಬಲ್ಬಿಗೆ ಬಿಗಿಯಾಗಿ ಕೂರಬೇಕು. ನಿಮ್ಮದು ಬೆಸುಗೆ ಹಾಕಿದ ತರಹದ್ದು. ಕೆಲವು ಸೆಟ್‌ಗಳಲ್ಲಿ ಬಲ್ಬಿನ ಜೊತೆಗೇ ಪ್ಲಾಸ್ಟಿಕ್ ಬುಡ ಇದ್ದು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ಅಂಥವರು ಪುಣ್ಯವಂತರು, ಬುಡದ ಬಣ್ಣ ಅಗಲ ಎರಡನ್ನೂ ನೋಡಿ ಅದೇ ತರಹದ್ದು ತಂದರೆ ಮುಗಿಯಿತು.

ವೋಲ್ಟೇಜಿನ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಕಾರು ಅಂದಮೇಲೆ 12 ವೋಲ್ಟ್ ಅಲ್ವಾ ಅಂತ ಕಣ್ಣುಮುಚ್ಚಿ 12 ವೋಲ್ಟಿನದ್ದು ತರುತ್ತಾರೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವುದು ಸುಮಾರು 14 ವೋಲ್ಟ್, ಕೆಲವೊಮ್ಮೆ 14.4. ಬಲ್ಬಿನ ಆಯಸ್ಸು ವೋಲ್ಟೇಜಿಗೆ ಎಷ್ಟು ನಾಜೂಕು ಅಂದರೆ, ಸರಿಯಾಗಿ 12ಕ್ಕೆ ಅಂತ ಮಾಡಿದ ಬಲ್ಬಿಗೆ 14.4 ಕೊಟ್ಟರೆ ಬೆಳಕು ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ, ಆಯಸ್ಸು ಮಾತ್ರ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಲ್ಟಾ ಕೂಡ ನಿಜ. ವೋಲ್ಟೇಜ್ 5 ಶೇಕಡಾ ಕಡಿಮೆಯಾದರೆ ಬೆಳಕು ಸುಮಾರು 16 ಶೇಕಡಾ ಕಡಿಮೆ, ಬಾಳಿಕೆ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ 14 ವೋಲ್ಟ್ ಎಂದು ಬರೆದ ಬಲ್ಬು ಸಿಕ್ಕರೆ ಅದನ್ನೇ ತನ್ನಿ.

ಇದರಲ್ಲೂ ಒಂದು ಕೊಕ್ಕೆ ಇದೆ. ಕೆಲವು ಸೆಟ್‌ಗಳಲ್ಲಿ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಆಗ ಒಂದೊಂದಕ್ಕೆ ಬರುವುದು ಅರ್ಧ ವೋಲ್ಟೇಜ್ ಮಾತ್ರ, ಒಂದು ಸುಟ್ಟರೆ ಎರಡೂ ಕತ್ತಲು. ಬಲ್ಬಿನ ಹಿಂದೆ ರೆಸಿಸ್ಟರ್ ಇಟ್ಟು ವೋಲ್ಟೇಜ್ ಇಳಿಸಿರುವುದೂ ಉಂಟು. ಅದಕ್ಕೇ ತರುವ ಮೊದಲು ಅಳೆಯಿರಿ: ಸೆಟ್ಟನ್ನು ವೈರಿಗೆ ಜೋಡಿಸಿ, ಪಾರ್ಕಿಂಗ್ ಲೈಟ್ ಹಾಕಿ, ಹೊತ್ತಿರುವ ಒಂದು ಬಲ್ಬಿನ ಎರಡು ಕಾಲಿನ ಮೇಲೆ ಮೀಟರ್ ಹಿಡಿದು ಎಷ್ಟು ವೋಲ್ಟ್ ಎಂದು ನೋಡಿ. ಸುಟ್ಟ ಬಲ್ಬಿನ ಮೇಲೆ ಅಳೆದು ನಂಬಬೇಡಿ. ಮುಂದೆ ಕರೆಂಟು ಹರಿಯದ ಜಾಗದಲ್ಲಿ ಮೀಟರ್ ಪೂರ್ತಿ ವೋಲ್ಟೇಜೇ ತೋರಿಸುತ್ತದೆ.

ಕರೆಂಟು ಕೂಡ ಹಳೆಯದಕ್ಕೆ ಹತ್ತಿರ ಇರಲಿ. ಈ ಗಾತ್ರದವು ಸಾಮಾನ್ಯವಾಗಿ 40ರಿಂದ 80 ಮಿಲಿಆಂಪಿಯರ್. ಬೆಳಕು ಜಾಸ್ತಿ ಬರಲಿ ಅಂತ ದೊಡ್ಡ ವ್ಯಾಟಿನದ್ದು ಹಾಕಿದರೆ ಬಿಸಿಗೆ ಟೋಪಿ ಕರಗಿ, ಬಟನ್ ಸೊಟ್ಟಗಾಗುತ್ತದೆ.

ಬೆಸುಗೆ ಕೆಲಸ ಚಿಕ್ಕದು. 25 ಅಥವಾ 30 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು, ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಹಿಡಿದರೆ ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಹಳೆ ಬಲ್ಬು ಎಷ್ಟು ಎತ್ತರದಲ್ಲಿ, ಯಾವ ಕಡೆ ವಾಲಿ ಕೂತಿತ್ತು ಎಂದು ನೋಡಿಕೊಂಡು ಹೊಸದನ್ನೂ ಹಾಗೇ ಕೂರಿಸಿ. ಮುಂದಿನ ಪಾರದರ್ಶಕ ಪ್ಲಾಸ್ಟಿಕ್ ಆ ಜಾಗದಿಂದಲೇ ಬೆಳಕು ಹೀರಿಕೊಂಡು ಎಲ್ಲ ಬಟನ್‌ಗಳಿಗೆ ಹಂಚುವುದು. ಎರಡು ಮಿ.ಮೀ. ಆಚೀಚೆ ಆದರೆ ಒಂದು ಬಟನ್ ಝಗಮಗ, ಪಕ್ಕದ್ದು ಮಂಕು.

ಮತ್ತೆ, ಬಿಚ್ಚಿದ ಮೇಲೆ ಎಲ್ಲ ಬಲ್ಬನ್ನೂ ಬದಲಾಯಿಸಿಬಿಡಿ. ಒಂದೇ ದಿನ ಹುಟ್ಟಿದವು, ಒಂದೇ ಲೆಕ್ಕದಲ್ಲಿ ಉರಿದವು. ಒಂದು ಹೋದರೆ ಉಳಿದವು ಸರದಿಯಲ್ಲಿ ನಿಂತಿರುತ್ತವೆ. ಬಲ್ಬಿನದ್ದು ದೊಡ್ಡ ಖರ್ಚಲ್ಲ, ಇನ್ನೊಮ್ಮೆ ಸೆಟ್ ಬಿಚ್ಚುವುದೇ ದೊಡ್ಡ ಖರ್ಚು. ಮುಚ್ಚುವ ಮೊದಲು ಒಮ್ಮೆ ಕರೆಂಟು ಕೊಟ್ಟು ಹೊತ್ತಿಸಿ ನೋಡುವುದನ್ನು ಮರೆಯಬೇಡಿ. ಸೋಲ್ಡರಿನಲ್ಲಿ ಸೀಸ ಇರಬಹುದು, ಕೆಲಸ ಆದಮೇಲೆ ಕೈ ತೊಳೆಯಿರಿ.

ಪ್ರಶ್ನೆ: ಹೊಸ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿಬಿಟ್ಟೆ. ಹಾಳಾಗುತ್ತದಾ?

ಉತ್ತರ: ಇಲ್ಲ. ಆ ಎಚ್ಚರಿಕೆ ಹೆಡ್‌ಲೈಟಿನ ಹ್ಯಾಲೋಜನ್ ಬಲ್ಬಿಗೆ. ಅದರ ಗಾಜು ಭಯಂಕರ ಬಿಸಿಯಾಗುತ್ತದೆ, ಕೈಯ ಎಣ್ಣೆ ಜಿಡ್ಡು ಅದಕ್ಕೆ ಆಗಿಬರುವುದಿಲ್ಲ. ನಿಮ್ಮ ಗೋಧಿ ಕಾಳಿಗೆ ಏನೂ ಆಗದು.

ಪ್ರಶ್ನೆ: ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ ಮತ್ತೆ ಬಿಚ್ಚುವ ತಾಪತ್ರಯವೇ ಇರುವುದಿಲ್ಲ ಅಲ್ವಾ? ಗೆಳೆಯರೆಲ್ಲ ಅದನ್ನೇ ಹೇಳುತ್ತಿದ್ದಾರೆ.

ಉತ್ತರ: ಗೆಳೆಯರು ಹೇಳುವುದರಲ್ಲಿ ಅರ್ಧ ಸರಿ ಇದೆ. ಸರಿಯಾಗಿ ಹಾಕಿದ ಎಲ್‌ಇಡಿ ಬಹಳ ವರ್ಷ ಬಾಳುತ್ತದೆ, ಬಿಸಿಯೂ ಕಡಿಮೆ. ಆದರೆ ಬಲ್ಬು ಕಿತ್ತ ಜಾಗದಲ್ಲಿ ಎಲ್‌ಇಡಿಯನ್ನು ಹಾಗೇ ಬೆಸುಗೆ ಹಾಕಿದರೆ ಒಂದು ಕ್ಷಣ ಮಿಂಚಿ ಸಾಯುತ್ತದೆ. ಬಿಳಿ ಎಲ್‌ಇಡಿಗೆ ಬೇಕಾಗಿರುವುದು ಸುಮಾರು 3.2 ವೋಲ್ಟ್. ಉಳಿದದ್ದನ್ನು ರೆಸಿಸ್ಟರ್ ನುಂಗಬೇಕು. 14.4ರಲ್ಲಿ 3.2 ಕಳೆದರೆ 11.2 ವೋಲ್ಟ್. 10 ಮಿಲಿಆಂಪಿಯರ್ ಸಾಕು ಅಂದುಕೊಂಡರೆ 11.2 ಭಾಗಿಸು 0.01, ಅಂದರೆ 1120 ಓಮ್. ಅದಕ್ಕೆ ಹತ್ತಿರದ್ದು ಸಿಗುವುದು 1200 ಓಮ್, ಅಂದರೆ 1.2 ಕಿಲೋಓಮ್. ಕಾಲು ವ್ಯಾಟಿನದ್ದು ಧಾರಾಳ ಸಾಕು. ಒಂದೊಂದು ಎಲ್‌ಇಡಿಗೂ ಒಂದೊಂದು ರೆಸಿಸ್ಟರ್ ಕೊಡಿ.

ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ್ದರೆ ಅಂಚಿನಲ್ಲಿ ಚಪ್ಪಟೆಯಾಗಿರುವ ಕಡೆ ಮೈನಸ್. ಉಲ್ಟಾ ಹಾಕಿದರೆ ಹೊತ್ತುವುದಿಲ್ಲ. ಸಾಮಾನ್ಯ ಎಲ್‌ಇಡಿ ಉಲ್ಟಾ ದಿಕ್ಕಿನಲ್ಲಿ ತಡೆಯುವುದು 5 ವೋಲ್ಟ್ ಅಷ್ಟೇ, ಹಾಗಾಗಿ ಕೆಟ್ಟೂ ಹೋಗಬಹುದು. ನನ್ನ ಮೊದಲ ಎಲ್‌ಇಡಿ ಪ್ರಯೋಗದಲ್ಲಿ ನಾಲ್ಕರಲ್ಲಿ ಮೂರನ್ನು ಉಲ್ಟಾ ಹಾಕಿದ್ದೆ. ಮುಖ ಮುಚ್ಚಿ, ಸೆಟ್ ಒಳಗೆ ತಳ್ಳಿ, ಬ್ಯಾಟರಿ ಜೋಡಿಸಿದ ಮೇಲೆ ಗೊತ್ತಾಯಿತು.

ಇಷ್ಟು ಸರಿ ಮಾಡಿದರೂ ಬೆಳಕಿನ ರೂಪ ಬೇರೆಯಾಗುತ್ತದೆ. ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಗುಂಡುತಲೆಯ ಎಲ್‌ಇಡಿ ಟಾರ್ಚಿನ ಹಾಗೆ ಮುಂದಕ್ಕೆ ಮಾತ್ರ. ಒಂದು ಬಟನ್ ಕಣ್ಣು ಕುಕ್ಕುತ್ತದೆ, ಪಕ್ಕದ್ದು ಕತ್ತಲು. ತಲೆಯನ್ನು ಅರದಿಂದ ಚಪ್ಪಟೆ ಮಾಡಿ, ನುಣುಪಾದ ಉಪ್ಪುಕಾಗದದಿಂದ ಉಜ್ಜಿ ಮಂಜು ಮಾಡಿದರೆ ಬೆಳಕು ಹರಡುತ್ತದೆ, ಇದು ನಿಜವಾಗಿಯೂ ಕೆಲಸ ಮಾಡುತ್ತದೆ.

ಬಣ್ಣವೂ ಕೈ ಕೊಡುತ್ತದೆ. ಫಿಲಮೆಂಟ್ ಬಲ್ಬಿನ ಬೆಳಕಿನಲ್ಲಿ ಹಳದಿ ಕೆಂಪು ಜಾಸ್ತಿ, ನೀಲಿ ತೀರಾ ಕಡಿಮೆ. ಹಸಿರು ಟೋಪಿಯನ್ನು ಆ ಬೆಳಕಿಗೆ ಹೊಂದಿಸಿ ಮಾಡಿರುತ್ತಾರೆ. ಅದೇ ಟೋಪಿಯನ್ನು ತಣ್ಣನೆ ಬಿಳಿ ಎಲ್‌ಇಡಿಗೆ ತೊಡಿಸಿದರೆ ಹಸಿರು ಹೋಗಿ ನೀಲಿ ಛಾಯೆ ಬರುತ್ತದೆ, ಪಕ್ಕದ ಎಸಿ ಗುಂಡಿಯ ಹಸಿರಿಗೂ ಇದಕ್ಕೂ ಹೊಂದುವುದಿಲ್ಲ. ಬೆಚ್ಚನೆ ಬಿಳಿ ಅಂತ ಸಿಗುವ ಎಲ್‌ಇಡಿ ಹತ್ತಿರಕ್ಕೆ ಬರುತ್ತದೆ. ಹಳೆ ರೇಡಿಯೋಗಳ ನೀಲಿ ಬೆಳಕು ಅಷ್ಟು ಮಂಕಾಗಿರುತ್ತಿದ್ದದ್ದೂ ಇದಕ್ಕೇ. ಬಲ್ಬಿನಲ್ಲಿ ಇಲ್ಲದ ನೀಲಿಯನ್ನು ಟೋಪಿ ಎಲ್ಲಿಂದ ತರಬೇಕು? ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರ ನೀಲಿ ಬರಲು 1993ರ ತನಕ ಕಾಯಬೇಕಾಯಿತು. ಅದರ ಹಿಂದಿದ್ದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಬಿಳಿ ಎಲ್‌ಇಡಿ ಹುಟ್ಟಿದ್ದೂ ಆ ನೀಲಿಯಿಂದಲೇ.

ಬೆಳಕು ಕಡಿಮೆ ಜಾಸ್ತಿ ಮಾಡುವ ಆ ಚಕ್ರ, ಅಂದರೆ ಡಿಮ್ಮರ್, ಇನ್ನೊಂದು ತಲೆನೋವು. ಹಳೆ ಕಾರುಗಳಲ್ಲಿ ಅದು ಬರೀ ತಂತಿ ಸುತ್ತಿದ ರೆಸಿಸ್ಟರ್. ಎಲ್‌ಇಡಿ ಎಳೆಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಚಕ್ರ ತಿರುಗಿಸಿದರೂ ಬೆಳಕು ಅಷ್ಟಾಗಿ ತಗ್ಗುವುದಿಲ್ಲ. ರಾತ್ರಿ ದೂರದ ದಾರಿಯಲ್ಲಿ ಅದು ಎಷ್ಟು ಕಿರಿಕಿರಿ ಎಂದು ಅನುಭವಿಸಿದವರಿಗೇ ಗೊತ್ತು. ನನ್ನ ಕಾರಿನಲ್ಲಿ ಎಲ್‌ಇಡಿ ಹಾಕಿ, ಮೂರು ತಿಂಗಳು ನೋಡಿ, ಮತ್ತೆ ಹಳೆ ತರಹದ ಬಲ್ಬಿಗೇ ಬಂದೆ. ನೀವು ಹಾಕುವುದಾದರೆ ಹಾಕಿ, ಆದರೆ ಸರಣಿಯಲ್ಲಿರುವ ಎರಡು ಬಲ್ಬಿನಲ್ಲಿ ಒಂದನ್ನು ಮಾತ್ರ ಎಲ್‌ಇಡಿ ಮಾಡಬೇಡಿ, ಇನ್ನೊಂದು ಹೊತ್ತುವುದೇ ಇಲ್ಲ.

ಪ್ರಶ್ನೆ: ಎಲ್ಲ ಬಲ್ಬು ಬದಲಾಯಿಸಿದೆ, ಬಟನ್‌ಗಳು ಚೆನ್ನಾಗಿ ಕಾಣುತ್ತವೆ. ಆದರೆ ಸ್ಟೇಷನ್ ನಂಬರ್ ತೋರಿಸುವ ಕಿಟಕಿ ಮಾತ್ರ ಮಂಕು. ಅಲ್ಲಿಯ ಬಲ್ಬು ಎಲ್ಲಿದೆ ಎಂದು ಹುಡುಕಿ ಸಾಕಾಯಿತು.

ಉತ್ತರ: ಬಹುಶಃ ಅಲ್ಲಿ ಬಲ್ಬೇ ಇಲ್ಲ. ಒಂದು ಪರೀಕ್ಷೆ ಮಾಡಿ. ರೇಡಿಯೋ ಆನ್ ಇಟ್ಟು ಕಿಟಕಿಗೆ ಓರೆಯಾಗಿ ಟಾರ್ಚ್ ಬಿಡಿ. ಕಪ್ಪು ಅಂಕಿಗಳು ಸ್ಪಷ್ಟವಾಗಿ ಕಂಡರೆ ಅದು ಎಲ್‌ಸಿಡಿ, ಹಿಂದೆ ಎಲ್ಲೋ ಒಂದು ಬಲ್ಬು ಇದ್ದೇ ಇರುತ್ತದೆ, ಹೆಚ್ಚಾಗಿ ಪಕ್ಕದಿಂದ ಬಿಳಿ ಪ್ಲಾಸ್ಟಿಕ್ ಹಾಳೆಯೊಳಗೆ ಬೆಳಕು ಬಿಡುವ ಹಾಗೆ. ಅಂಕಿಗಳು ತಾವೇ ನೀಲಿ ಹಸಿರಾಗಿ ಹೊಳೆಯುವ ತರಹದ್ದಾಗಿದ್ದು, ಹತ್ತಿರದಿಂದ ನೋಡಿದರೆ ಗಾಜಿನೊಳಗೆ ಕೂದಲಿನಂಥ ಅಡ್ಡ ತಂತಿಗಳು ಕಂಡರೆ ಅದು ವಿಎಫ್‌ಡಿ. ಅದು ಗಾಳಿ ತೆಗೆದ ಗಾಜಿನ ಕೊಳವೆ. ಬಿಸಿ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ತಾಗಿ ಒಳಗಿನ ಬಣ್ಣದ ಲೇಪ ಹೊಳೆಯುತ್ತದೆ. ಲೇಪ ವರ್ಷಗಳ ಮೇಲೆ ಸವೆಯುತ್ತದೆ. ಸದಾ ಹೊತ್ತಿರುವ ಗೆರೆಗಳು ಜಾಸ್ತಿ ಮಂಕಾಗಿದ್ದು, ಅಪರೂಪಕ್ಕೆ ಹೊತ್ತುವವು ಪ್ರಖರವಾಗಿದ್ದರೆ ಸವೆದಿರುವುದು ಖಾತ್ರಿ. ಅದೇ ಮಾದರಿಯ ಹಳೆ ಸೆಟ್ಟಿನಿಂದ ಕಿಟಕಿ ಕಿತ್ತು ಹಾಕುವುದೊಂದೇ ದಾರಿ, ಹತ್ತಾರು ಕಾಲುಗಳ ಬೆಸುಗೆ ಅದು. ಹಗಲಲ್ಲಿ ಕಾಣದಿದ್ದರೂ ರಾತ್ರಿ ಕಾಣುತ್ತಿದ್ದರೆ ನಾನಂತೂ ಸುಮ್ಮನಿರುತ್ತೇನೆ.

ಪ್ರಶ್ನೆ: ನಿಮ್ಮ ಹಿಂದಿನ ಉತ್ತರ ನೋಡಿ ಬಲ್ಬು ಹಾಕಿದೆ. ಬೆಳಕು ಬಂದಿದೆ, ಆದರೆ ರೇಡಿಯೋ ಕೋಡ್ ಕೇಳುತ್ತಿದೆ. ಅಂದಾಜಿನಲ್ಲಿ ಮೂರು ಸಲ ಒತ್ತಿದೆ, ಈಗ ಏನೂ ಒತ್ತಲು ಬಿಡುತ್ತಿಲ್ಲ. ಜೊತೆಗೆ 4ನೇ ಬಟನ್ ಒಳಗೇ ಸಿಕ್ಕಿಕೊಂಡಿದೆ.

ಉತ್ತರ: ಅಂದಾಜು ನಿಲ್ಲಿಸಿ. ತಪ್ಪು ಒತ್ತಿದಷ್ಟೂ ಕಾಯಿಸುವ ಹೊತ್ತು ಹೆಚ್ಚುತ್ತಾ ಹೋಗುವ ಸೆಟ್‌ಗಳಿವೆ. ಕೆಲವಕ್ಕೆ ಆನ್ ಇಟ್ಟು ಒಂದು ಗಂಟೆ ಬಿಟ್ಟರೆ ಬೀಗ ಬಿಡುತ್ತದೆ. ಕಾರ್ಡ್ ಕಳೆದುಹೋಗಿದ್ದರೆ ಸೆಟ್ಟಿನ ಮೈಮೇಲೆ ಅಂಟಿಸಿರುವ ಚೀಟಿಯ ಸೀರಿಯಲ್ ನಂಬರ್ ಬರೆದುಕೊಂಡು, ಕಾರು ನಿಮ್ಮದೇ ಎನ್ನುವ ಕಾಗದದ ಜೊತೆ ಆ ಕಂಪನಿಯ ಡೀಲರ್ ಬಳಿ ಹೋಗಿ. ಅವರಲ್ಲಿ ಆ ನಂಬರಿನಿಂದ ಕೋಡ್ ತೆಗೆಯುವ ವ್ಯವಸ್ಥೆ ಇರುತ್ತದೆ.

ಚೀಟಿ ನೋಡಲು ಹೇಗೂ ಸೆಟ್ ಹೊರಗೆ ತೆಗೆಯುತ್ತೀರಲ್ಲ, ಆಗಲೇ ಮುಖ ಬಿಚ್ಚಿ 4ನೇ ಬಟನ್ ನೋಡಿ. ಹೆಚ್ಚಾಗಿ ಬಲ್ಬಿನ ಟೋಪಿ ಪೂರ್ತಿ ಕೂರದೆ ಬಟನ್ನಿನ ಹಿಂಬದಿಗೆ ತಾಗುತ್ತಿರುತ್ತದೆ, ಇಲ್ಲವೇ ಕೆಳಗಿನ ರಬ್ಬರ್ ಹಾಳೆ ಒಂದು ಮೂಲೆಯಲ್ಲಿ ಮಡಚಿಕೊಂಡಿರುತ್ತದೆ. ಎರಡೂ ಸರಿ ಇದ್ದರೆ ಆ ಬಿಳಿ ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿ, ಸ್ಪ್ರಿಂಗ್ ಅಲ್ಲೇ ಇರುತ್ತದೆ.